ನಾಲ್ಕು ಪುರಾತನ ಗಿಡಗಳ ಬಾಕ್ಸ್, ಒಂದೂವರೆ ವರ್ಷ ಸಾಕಿದ ಮೇಲೆ ಬರೀತಿರೋ ರಿವ್ಯೂ

ಬಾಕ್ಸ್ ಬಂದು ಒಂದೂವರೆ ವರ್ಷ ಆಯ್ತು, ರಿವ್ಯೂ ಈಗ ಬರೀತಿದ್ದೀನಿ. ಬಂದ ವಾರಾನೇ ಐದು ಸ್ಟಾರ್ ಒತ್ತಿ ಸುಮ್ಮನಾಗಿದ್ರೆ ಅದು ಸುಳ್ಳು ರಿವ್ಯೂ ಆಗ್ತಿತ್ತು, ಯಾಕಂದ್ರೆ ಈ ಜಾತಿ ಗಿಡಗಳು ಬದುಕಿದ್ಯೋ ಇಲ್ವೋ ಅಂತ ಗೊತ್ತಾಗೋಕೇ ತಿಂಗಳುಗಟ್ಟಲೆ ಕಾಯ್ಬೇಕು. ಸೈಕಾಸ್ ಅಂತೂ ಬುಡದಲ್ಲಿ ಕೊಳೆತು ಹೋಗಿದ್ರೂ ಮೇಲೆ ಏನೂ ಆಗಿಲ್ಲ ಅನ್ನೋ ಹಾಗೆ ಗಟ್ಟಿಯಾಗಿ ಕೂತಿರುತ್ತೆ. ಹಾಗಾಗಿ ಇಂಥ ಗಿಡ ಮಾರೋರ ಬಗ್ಗೆ ಹತ್ತು ದಿನದಲ್ಲಿ ಬರೆದ ಹೊಗಳಿಕೆ ಕಂಡ್ರೆ ನಾನು ಅದನ್ನ ಲೆಕ್ಕಕ್ಕೆ ತಗೊಳ್ಳಲ್ಲ.

ಮಾರಿದವರ ಹೆಸರು ಹಾಕಲ್ಲ. ಡೈನೋಸಾರ್ ಕಾಲದ ಗಿಡಗಳು ಅಂತ ಬಾಕ್ಸ್ ಕಟ್ಟಿ ಆನ್‌ಲೈನಲ್ಲಿ ಮಾರೋರು ಈಗ ಬೇಕಾದಷ್ಟು ಜನ ಇದ್ದಾರೆ, ನಾನು ಬರೀತಿರೋದು ಬಾಕ್ಸ್ ಒಳಗೆ ಏನಿತ್ತು, ಅದು ಏನಾಯ್ತು, ಮತ್ತೆ ಯಾರ ಹತ್ರ ತಗೊಂಡ್ರೂ ಏನು ಕೇಳಿ ತಗೋಬೇಕು ಅನ್ನೋದನ್ನ. ಒಂದೇ ಮಾತಲ್ಲಿ ಹೇಳ್ಬೇಕು ಅಂದ್ರೆ ಗಿಡಗಳು ಅದ್ಭುತ, ಪ್ಯಾಕಿಂಗ್ ತುಂಬಾ ಚೆನ್ನಾಗಿತ್ತು, ಆದ್ರೆ ಗಿಡದ ಹುಟ್ಟಿನ ಲೆಕ್ಕ ಕೊಡೋ ವಿಷಯದಲ್ಲಿ ಅವರು ನಂಬಿಕೆ ಉಳಿಸ್ಕೊಳ್ಳಲಿಲ್ಲ, ಅಪರೂಪದ ಗಿಡದಲ್ಲಿ ಅದೇ ಎಲ್ಲಕ್ಕಿಂತ ದೊಡ್ಡ ವಿಷಯ ಅಂತ ನನ್ನ ಅಭಿಪ್ರಾಯ.

ಬಾಕ್ಸಲ್ಲಿ ಇದ್ದಿದ್ದು ಒಂದು ಗಿಂಕೋ ಸಸಿ, ಒಂದು ಸೈಕಾಸ್ ಮರಿ, ಒಂದು ವೊಲೆಮಿ ಪೈನ್, ಆಮೇಲೆ ವೆಲ್ವಿಚಿಯಾದ ಐದು ಬೀಜ. ಟೇಪ್ ಕತ್ತರಿಸಿ ಮುಚ್ಚಳ ತೆಗೆದ ಕೂಡ್ಲೇ ಒದ್ದೆ ಪಾಚಿ ವಾಸನೆ ಬಂತು. ಗಿಂಕೋ ಅಂದ್ರೆ ಪೆನ್ಸಿಲ್ ದಪ್ಪದ ಒಂದು ಬೋಳು ಕಡ್ಡಿ ಅಷ್ಟೇ, ಬೇರನ್ನ ಒದ್ದೆ ಪಾಚಿಯಲ್ಲಿ ಸುತ್ತಿ ಅದರ ಮೇಲೆ ಪ್ಲಾಸ್ಟಿಕ್ ಕಟ್ಟಿದ್ರು. ಸೈಕಾಸ್ ಮುಷ್ಟಿಗಿಂತ ಸ್ವಲ್ಪ ಚಿಕ್ಕ ಗಡ್ಡೆ, ಎಲೆ ಇಲ್ಲ, ಬೇರೂ ಇಲ್ಲ, ಮೈ ತುಂಬಾ ಒರಟು ಕಂದು ಹುರುಪೆ, ನೆತ್ತಿ ಮೇಲೆ ಮಾತ್ರ ಉಣ್ಣೆ ಥರ ಮೆತ್ತನೆ ರೋಮ. ಮನೇಲಿ ನೋಡಿದೋರೆಲ್ಲ ಸತ್ತಿರೋದನ್ನ ಕಳಿಸಿದ್ದಾರೆ ವಾಪಸ್ ಮಾಡು ಅಂದ್ರು. ನಾನು ಉಗುರಲ್ಲಿ ಗಿಂಕೋ ತೊಗಟೆ ಒಂದು ಚೂರು ಕೆರೆದು ನೋಡ್ದೆ, ಒಳಗೆ ಎಳೆ ಹಸಿರು ಕಾಣಿಸ್ತು. ಎಲೆ ಉದುರಿಸಿ ನಿದ್ದೆ ಮಾಡೋ ಮರಗಳನ್ನ ಹೀಗೇ ಬರಿ ಬೇರಲ್ಲಿ ಕಳಿಸ್ಬೇಕು, ಎಲೆ ಇರೋವಾಗ ಕಳಿಸಿದ್ರೆ ದಾರೀಲೇ ಅರ್ಧ ಜೀವ ಹೋಗುತ್ತೆ, ಆ ಕಾಲ ನೋಡಿ ಕಳಿಸಿದ್ದಕ್ಕೆ ಅವರಿಗೆ ಪೂರ್ತಿ ಮಾರ್ಕ್ಸ್.

ಜೊತೆಗೆ ಒಂದು ಬಣ್ಣದ ಕಾರ್ಡ್ ಇತ್ತು, ನಾಲ್ಕಕ್ಕೂ ಸೇರಿ ಒಂದೇ ಕಾರ್ಡ್, ಡೈನೋಸಾರ್ ಚಿತ್ರ ಹಾಕಿ ಇವು ಕೋಟ್ಯಂತರ ವರ್ಷದಿಂದ ಬದಲಾಗದೇ ಇರೋ ಗಿಡಗಳು ಅಂತ ಬರೆದಿದ್ರು. ಅದರ ಕಥೆ ಆಮೇಲೆ ಹೇಳ್ತೀನಿ.

ಮೊದಲು ಗಿಂಕೋ, ಯಾಕಂದ್ರೆ ನನಗೆ ಅತಿ ಹೆಚ್ಚು ಖುಷಿ ಕೊಟ್ಟಿದ್ದು ಅದು. ಚಳಿ ಕಳೆದು ಬಿಸಿಲು ಸ್ವಲ್ಪ ಏರಿದ ಮೇಲೆ ಕಡ್ಡಿ ಪಕ್ಕದ ಗಿಡ್ಡ ಮೊಗ್ಗುಗಳು ಉಬ್ಬೋಕೆ ಶುರು ಆದ್ವು, ಒಂದು ದಿನ ಬೆಳಗ್ಗೆ ನೋಡಿದ್ರೆ ಉಗುರಿನಷ್ಟೇ ಇರೋ ಪುಟ್ಟ ಬೀಸಣಿಗೆ ನಾಲ್ಕು ತೆರೆದು ನಿಂತಿದ್ವು. ಆ ಎಲೇನ ಬೆಳಕಿಗೆ ಹಿಡಿದು ಭೂತಗನ್ನಡಿಯಲ್ಲಿ ನೋಡಿ. ಬೇರೆ ಎಲೆಗಳಲ್ಲಿ ಮಧ್ಯೆ ಒಂದು ದಪ್ಪ ನರ, ಅದರಿಂದ ಬಲೆ ಥರ ಸಣ್ಣ ನರಗಳು ಹರಡಿರುತ್ತೆ ಅಲ್ವಾ, ಇದರಲ್ಲಿ ನಡುನರಾನೇ ಇಲ್ಲ, ತೊಟ್ಟಿಂದ ಹೊರಟ ಗೆರೆ ಎರಡಾಗುತ್ತೆ, ಆ ಎರಡೂ ಮತ್ತೆ ಎರಡೆರಡಾಗುತ್ತೆ, ಹೀಗೇ ಕವಲೊಡೀತಾ ಅಂಚಿನ ತನಕ ಹೋಗುತ್ತೆ. ಸುಮಾರು 17 ಕೋಟಿ ವರ್ಷ ಹಿಂದಿನ ಕಲ್ಲುಗಳಲ್ಲಿ ಸಿಕ್ಕಿರೋ ಗಿಂಕೋ ಎಲೆ ಅಚ್ಚುಗಳಲ್ಲೂ ಇದೇ ಕವಲು ಕಾಣುತ್ತೆ. ಆ ದೊಡ್ಡ ಕುಟುಂಬದಲ್ಲಿ ಈಗ ಉಳಿದಿರೋದು ಇದೊಂದೇ ಜಾತಿ, ಅಣ್ಣ ತಮ್ಮ ದಾಯಾದಿ ಯಾರೂ ಇಲ್ಲ. ನನ್ನ ಕುಂಡದಲ್ಲಿ ಅಂಥದ್ದು ಚಿಗುರಿದೆ ಅನ್ನೋದನ್ನ ನಾನು ದಿನಾ ನೆನೆಸ್ಕೊಂಡು ಖುಷಿ ಪಡ್ತೀನಿ.

ಇದರ ಬಗ್ಗೆ ಇನ್ನೊಂದು ವಿಷಯ ನನಗೆ ತುಂಬಾ ಇಷ್ಟ. 1896ರಲ್ಲಿ ಜಪಾನಿನ ಹಿರಾಸೆ ಅನ್ನೋರು ಟೋಕಿಯೋದ ಕೊಯಿಶಿಕಾವಾ ಸಸ್ಯೋದ್ಯಾನದಲ್ಲಿದ್ದ ಗಿಂಕೋ ಮರದ ಬೀಜ ತಗೊಂಡು ಮೈಕ್ರೋಸ್ಕೋಪಲ್ಲಿ ನೋಡ್ತಾ ಇದ್ದಾಗ ಅದರ ವೀರ್ಯಾಣು ಈಜೋದನ್ನ ಕಂಡ್ರು. ಪಾಚಿ, ಜರೀಗಿಡಗಳಲ್ಲಿ ಹೀಗಾಗುತ್ತೆ ಅಂತ ಗೊತ್ತಿತ್ತು, ಬೀಜ ಬಿಡೋ ಅಷ್ಟು ದೊಡ್ಡ ಮರದಲ್ಲೂ ಹಾಗೇ ಅಂತ ಯಾರೂ ಅದುವರೆಗೆ ಕಣ್ಣಾರೆ ನೋಡಿರಲಿಲ್ಲ. ಅದೇ ವರ್ಷ ಇಕೆನೋ ಅನ್ನೋರು ಸೈಕಾಸಲ್ಲೂ ಅದನ್ನೇ ತೋರಿಸಿಕೊಟ್ರು. ಅಂದ್ರೆ ನನ್ನ ಬಾಕ್ಸಲ್ಲಿದ್ದ ನಾಲ್ಕರಲ್ಲಿ ಎರಡು ಗಿಡ ಇವತ್ತಿಗೂ ನೀರಿನಲ್ಲಿದ್ದ ಕಾಲದ ಅಭ್ಯಾಸ ಬಿಟ್ಟಿಲ್ಲ. ಇನ್ನು 1945ರಲ್ಲಿ ಹಿರೋಶಿಮಾ ಮೇಲೆ ಬಾಂಬ್ ಬಿದ್ದ ಜಾಗದಿಂದ ಒಂದೆರಡು ಕಿಲೋಮೀಟರ್ ಒಳಗಿದ್ದ ಆರು ಗಿಂಕೋ ಮರಗಳು ಸುಟ್ಟು ಕರಕಲಾಗಿದ್ರೂ ಮತ್ತೆ ಚಿಗುರಿದ್ವು, ಆ ಸುದ್ದಿ ಓದಿದ ಮೇಲೇ ನನಗೆ ಈ ಮರದ ಹುಚ್ಚು ಹಿಡಿದಿದ್ದು.

ಈಗ ದೂರು. ಆರ್ಡರ್ ಮಾಡೋವಾಗ ಗ್ಯಾರಂಟಿ ಗಂಡು ಗಿಡ ಅಂತ ಬರೆದಿದ್ರು. ಗಿಂಕೋದಲ್ಲಿ ಗಂಡು ಮರ ಬೇರೆ, ಹೆಣ್ಣು ಮರ ಬೇರೆ, ಹೆಣ್ಣು ಮರದ ಬೀಜದ ಮೇಲಿನ ತಿರುಳು ಕೆಳಗೆ ಬಿದ್ದು ಕೊಳೆತಾಗ ಹಳಸಿದ ಬೆಣ್ಣೆ ಥರ ಕೆಟ್ಟ ನಾತ ಬರುತ್ತೆ, ಬ್ಯುಟಿರಿಕ್ ಆಸಿಡ್ ಅಂತ ಅದಕ್ಕೆ ಕಾರಣ, ಅದಕ್ಕೇ ಎಲ್ಲರೂ ಗಂಡೇ ಬೇಕು ಅಂತಾರೆ. ಆದ್ರೆ ಬೀಜದಿಂದ ಹುಟ್ಟಿದ ಸಸಿ ಗಂಡೋ ಹೆಣ್ಣೋ ಅನ್ನೋದನ್ನ ನೋಡಿ ಹೇಳೋಕಾಗಲ್ಲ, ಅದು ಮೊದಲ ಸಲ ಬೀಜವೋ ಪರಾಗವೋ ಬಿಡೋಕೆ 20 ವರ್ಷಕ್ಕೂ ಹೆಚ್ಚು ಬೇಕಾಗುತ್ತೆ. ಗ್ಯಾರಂಟಿ ಗಂಡು ಬೇಕು ಅಂದ್ರೆ ಗೊತ್ತಿರೋ ಗಂಡು ಮರದಿಂದ ಕಸಿ ಕಟ್ಟಿರ್ಬೇಕು ಇಲ್ಲಾ ಕಡ್ಡಿ ನೆಟ್ಟು ಬೆಳೆಸಿರ್ಬೇಕು. ನನ್ನ ಗಿಡದ ಬುಡದಲ್ಲಿ ಕಸಿಯ ಗಂಟೂ ಇಲ್ಲ, ಬೀಜದ ಒಡೆದ ಚಿಪ್ಪು ಇನ್ನೂ ಅಂಟ್ಕೊಂಡೇ ಇತ್ತು. ಇದನ್ನ ಫೋಟೋ ತೆಗೆದು ಕೇಳಿದೆ. ಉತ್ತರ ಬಂತು, ನಮ್ಮ ಅನುಭವದಲ್ಲಿ ಎಲೆ ಸೀಳು ನೋಡಿ ಹೇಳ್ತೀವಿ ಅಂತ. ಅದು ಸರಿಯಲ್ಲ, ಒಂದೇ ಮರದಲ್ಲೇ ಸೀಳು ಇರೋ ಎಲೆ, ಇಲ್ಲದೇ ಇರೋ ಎಲೆ ಎರಡೂ ಇರುತ್ತೆ. ನನಗೆ ಗಂಡೋ ಹೆಣ್ಣೋ ಎರಡೂ ಒಂದೇ, ಕುಂಡದಲ್ಲೇ ಇಟ್ಕೊಳ್ತೀನಿ, ಆದ್ರೆ ಮನೆ ಮುಂದೆ ನೆಡೋಕೆ ಅಂತ ತಗೊಂಡೋರಿಗೆ 25 ವರ್ಷ ಆದ ಮೇಲೆ ಗೊತ್ತಾದ್ರೆ ಯಾರ ಹತ್ರ ಹೋಗಿ ಕೇಳ್ಬೇಕು?

ಮತ್ತೆ ಇದಕ್ಕೆ ಚಳಿಗಾಲದ ನಿದ್ದೆ ಬೇಕು. ವರ್ಷ ಪೂರ್ತಿ ಸೆಖೆ ಇರೋ ಕಡೆ ಇರೋರು ಈ ಬಾಕ್ಸ್ ತಗೊಳ್ಳೋ ಮೊದಲು ಇದನ್ನ ಯೋಚನೆ ಮಾಡಿ. ಬೀಜದಿಂದ ಬೆಳೆಸೋರೂ ಒದ್ದೆ ಮರಳಲ್ಲಿ ಹುದುಗಿಸಿ ಎರಡು ತಿಂಗಳಷ್ಟು ಫ್ರಿಡ್ಜಲ್ಲಿ ಇಟ್ಟು ಆಮೇಲೆ ಬಿತ್ತೋದು ಇದೇ ಕಾರಣಕ್ಕೆ.

ಸೈಕಾಸ್ ವಿಷಯ. ಬಂದಿದ್ದು ಸೈಕಾಸ್ ರೆವೊಲ್ಯೂಟಾ, ಎಲ್ಲರೂ ಸಾಗೋ ಪಾಮ್ ಅಂತಾರೆ, ಪಾಮ್‌ಗೂ ಇದಕ್ಕೂ ಸಂಬಂಧ ಇಲ್ಲ. ದೊಡ್ಡ ಗಿಡದ ಪಕ್ಕ ಏಳೋ ಮರಿಯನ್ನ ಕಿತ್ತು ಗಾಯ ಒಣಗಿಸಿ ಕಳಿಸಿದ್ರು, ಗಾಯದ ಜಾಗ ಚೆನ್ನಾಗಿ ಒಣಗಿ ಗಟ್ಟಿಯಾಗಿತ್ತು, ಆ ಕೆಲಸ ಗೊತ್ತಿರೋರು ಮಾಡಿದ್ದು ಅಂತ ನೋಡಿದ್ರೇ ಗೊತ್ತಾಗುತ್ತೆ. ನಾನು ಪ್ಯೂಮಿಸ್ ಅನ್ನೋ ಹಗುರ ತೂತುಗಲ್ಲು ಮುಕ್ಕಾಲು ಪಾಲು, ಕೋಕೋಪೀಟ್ ಅಂದ್ರೆ ತೆಂಗಿನ ನಾರಿನ ಪುಡಿ ಕಾಲು ಪಾಲು ಬೆರೆಸಿ, ನೆತ್ತಿ ಮಣ್ಣಿಗೆ ತಾಗದ ಹಾಗೆ ಅರ್ಧ ಮಾತ್ರ ಹುಗಿದು ನೆರಳಲ್ಲಿಟ್ಟೆ. ಒಂದು ತಿಂಗಳು ಏನಿಲ್ಲ, ಎರಡು ತಿಂಗಳು ಏನಿಲ್ಲ, ಐದು ತಿಂಗಳು ಆದ್ರೂ ಇಟ್ಟಿದ್ದು ಇಟ್ಟ ಹಾಗೇ ಇತ್ತು, ವಾರಕ್ಕೊಂದು ಸಲ ಬೆರಳಲ್ಲಿ ಒತ್ತಿ ನೋಡ್ತಿದ್ದೆ, ಗಟ್ಟಿ ಇದ್ರೆ ಜೀವ ಇದೆ, ಮೆತ್ತಗಾದ್ರೆ ಮುಗೀತು, ಅದೊಂದೇ ಪರೀಕ್ಷೆ. ಆರನೇ ತಿಂಗಳು ನೆತ್ತಿಯ ರೋಮ ಸ್ವಲ್ಪ ಬಿರಿದು ಒಳಗಿಂದ ಬೂದು ಹಸಿರಿನ ಮೂರು ಕಡ್ಡಿ ಒಟ್ಟಿಗೇ ತಲೆ ಎತ್ತಿದ್ವು.

ಆಮೇಲಿನ ಎರಡು ವಾರ ಅದನ್ನ ನೋಡೋದೇ ಒಂದು ಕೆಲಸ. ಕಡ್ಡಿ ಎರಡೂ ಕಡೆ ಸಾಲಾಗಿರೋ ಒಂದೊಂದು ಸಣ್ಣ ಎಲೆಯೂ ಗಡಿಯಾರದ ಸ್ಪ್ರಿಂಗ್ ಥರ ಒಳಕ್ಕೆ ಸುರುಳಿ ಸುತ್ಕೊಂಡಿರುತ್ತೆ, ಜರೀಗಿಡದ ಚಿಗುರು ಇರುತ್ತಲ್ಲ ಹಾಗೇ, ದಿನಕ್ಕಿಷ್ಟು ಬಿಚ್ಕೊಂಡು ಕೊನೆಗೆ ನೆಟ್ಟಗೆ ಚಾಚುತ್ತೆ. ಆ ಹೊತ್ತಲ್ಲಿ ಮುಟ್ಟಿದ್ರೆ ರೇಷ್ಮೆಯಷ್ಟು ಮೃದು, ತಿಂಗಳಾದ್ಮೇಲೆ ಅದೇ ಎಲೆ ಸೂಜಿ. ಎಲೆ ಬಿಚ್ತಾ ಇರೋವಾಗ ಕುಂಡ ತಿರುಗಿಸೋದು, ಜಾಗ ಬದಲಿಸೋದು ಮಾಡ್ಬೇಡಿ, ಬೆಳಕು ಕಡಿಮೆ ಆದ್ರೆ ಉದ್ದಕ್ಕೆ ಎಳೆದು ಜೋತುಬೀಳುತ್ತೆ, ಒಂದ್ಸಲ ಗಟ್ಟಿಯಾದ್ಮೇಲೆ ಸರಿಮಾಡೋಕಾಗಲ್ಲ.

ವರ್ಷ ತುಂಬಿದಾಗ ಮಣ್ಣಿನ ಮೇಲೆ ಬೇರುಗಳು ಕೆಳಗೆ ಹೋಗೋ ಬದಲು ಮೇಲಕ್ಕೆ ಎದ್ದು ಹವಳದ ಹಾಗೆ ಗಂಟುಗಂಟಾಗಿ ಬೆಳೆದ್ವು. ರೋಗ ಅಲ್ಲ ಅದು. ಒಂದು ಚೂರು ಕತ್ತರಿಸಿ ನೋಡಿದ್ರೆ ಒಳಗೆ ನೀಲಿ ಹಸಿರು ಬಣ್ಣದ ಬಳೆ ಕಾಣುತ್ತೆ, ಸಯನೋಬ್ಯಾಕ್ಟೀರಿಯಾ ಅನ್ನೋ ಸೂಕ್ಷ್ಮಜೀವಿ ಅಲ್ಲಿ ಮನೆ ಮಾಡ್ಕೊಂಡು ಗಾಳಿಯಲ್ಲಿರೋ ನೈಟ್ರೋಜನ್ ಹಿಡಿದು ಗಿಡಕ್ಕೆ ಕೊಡುತ್ತೆ. ಬಡ ಮಣ್ಣಲ್ಲೂ ಸೈಕಾಸ್ ಬದುಕೋದರ ಗುಟ್ಟು ಅದು, ಕಿತ್ತು ಹಾಕ್ಬೇಡಿ.

ಇಲ್ಲಿ ನನಗೆ ನಿಜವಾಗ್ಲೂ ಸಿಟ್ಟು ಬಂದಿದ್ದು ಒಂದು ವಿಷಯಕ್ಕೆ. ಸೈಕಾಸ್ ಪೂರ್ತಿ ವಿಷ, ಎಲೆ, ಗಡ್ಡೆ, ಬೇರು ಎಲ್ಲ, ಬೀಜದಲ್ಲಂತೂ ಇನ್ನೂ ಜಾಸ್ತಿ. ಸೈಕಾಸಿನ್ ಅಂತ ವಿಷ, ನಾಯಿ ಅಗಿದ್ರೆ ಲಿವರ್ ಹೋಗುತ್ತೆ, ಸಾಯೋ ಸಾಧ್ಯತೇನೂ ಇದೆ. ಡೈನೋಸಾರ್ ಚಿತ್ರಕ್ಕೆ ಅರ್ಧ ಕಾರ್ಡ್ ಕೊಟ್ಟೋರು ಈ ಒಂದು ಸಾಲು ಬರೆಯೋಕೆ ಜಾಗ ಇಟ್ಟಿರಲಿಲ್ಲ. ಮನೇಲಿ ನಾಯಿ, ಚಿಕ್ಕ ಮಕ್ಕಳು ಇದ್ರೆ ಕೈಗೆ ಬಾಯಿಗೆ ಸಿಗದ ಜಾಗದಲ್ಲಿಡಿ, ಇಲ್ಲಾಂದ್ರೆ ತಗೊಳ್ಳಲೇಬೇಡಿ.

ಆ ಕಾರ್ಡ್ ವಿಷಯಕ್ಕೆ ಬರ್ತೀನಿ. ಸೈಕಾಸ್ ಸೇರಿರೋ ಸೈಕಾಡ್ ಅನ್ನೋ ವಂಶ ತುಂಬಾ ಹಳೇದು ಅನ್ನೋದು ನಿಜ, 25 ಕೋಟಿ ವರ್ಷಕ್ಕಿಂತ ಹಿಂದಿಂದ ಅವುಗಳ ಪಳೆಯುಳಿಕೆ ಸಿಗುತ್ತೆ. ಆದ್ರೆ 2011ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಬಂದ ಡಿಎನ್ಎ ಅಧ್ಯಯನ ಹೇಳಿದ್ದು ಏನಂದ್ರೆ ಈಗ ಭೂಮಿ ಮೇಲಿರೋ ಸೈಕಾಡ್ ಜಾತಿಗಳಲ್ಲಿ ಹೆಚ್ಚಿನವು ಕವಲೊಡೆದಿದ್ದು ಕಳೆದ 1.2 ಕೋಟಿ ವರ್ಷದ ಈಚೆಗೆ. ಡೈನೋಸಾರ್‌ಗಳು ಹೋಗಿದ್ದು 6.6 ಕೋಟಿ ವರ್ಷದ ಹಿಂದೆ. ಅಂದ್ರೆ ಮನೆತನ ಹಳೇದು, ಈಗಿರೋ ಮಕ್ಕಳು ಮೊಮ್ಮಕ್ಕಳು ಹೊಸಬರು. ನನಗೆ ಇದರಿಂದ ಗಿಡದ ಬೆಲೆ ಕಡಿಮೆ ಆಗಲಿಲ್ಲ, ಜಾಸ್ತೀನೇ ಆಯ್ತು, ಸತ್ತು ಹೋಗ್ಬೇಕಾಗಿದ್ದ ಮನೆತನ ಮತ್ತೆ ಕವಲೊಡೆದು ಬೆಳೆದಿದೆ ಅಂದ್ರೆ ಅದು ಮ್ಯೂಸಿಯಂ ವಸ್ತು ಅಲ್ಲ, ಇನ್ನೂ ಬದಲಾಗ್ತಿರೋ ಜೀವ. ಅದನ್ನ ಕಾರ್ಡಲ್ಲಿ ಬರೆದಿದ್ರೆ ಎಷ್ಟು ಚೆನ್ನಾಗಿರ್ತಿತ್ತು.

ಕುಂಡದಲ್ಲಿ ಇದು ಎಷ್ಟು ದಿನ ಇರುತ್ತೆ ಅಂತ ಕೇಳೋರಿಗೆ ಲಂಡನ್ನಿನ ಕ್ಯೂ ಗಾರ್ಡನ್ ಉದಾಹರಣೆ ಕೊಡ್ತೀನಿ. 1775ರಲ್ಲಿ ಫ್ರಾನ್ಸಿಸ್ ಮ್ಯಾಸನ್ ದಕ್ಷಿಣ ಆಫ್ರಿಕಾದಿಂದ ತಂದ ಎನ್ಸೆಫಲಾರ್ಟಸ್ ಆಲ್ಟೆನ್‌ಸ್ಟೈನಿ ಅನ್ನೋ ಸೈಕಾಡ್ ಅಲ್ಲಿ ಇವತ್ತಿಗೂ ಕುಂಡದಲ್ಲೇ ಇದೆ, ಕಾಂಡ ಉದ್ದ 4 ಮೀಟರ್ ದಾಟಿ ಊರುಗೋಲು ಕೊಟ್ಟು ನಿಲ್ಲಿಸಿದ್ದಾರೆ. ಅಷ್ಟು ವರ್ಷದಲ್ಲಿ ಅದು ಕೋನ್, ಅಂದ್ರೆ ಹೂವಿನ ಬದಲು ಬರೋ ಶಂಕು, ಬಿಟ್ಟಿದ್ದು 1819ರಲ್ಲಿ ಒಂದೇ ಸಲ, ಸಸ್ಯವಿಜ್ಞಾನಿ ಜೋಸೆಫ್ ಬ್ಯಾಂಕ್ಸ್ ಅದನ್ನ ನೋಡೋಕೆ ಅಂತಾನೇ ಬಂದಿದ್ರು. ನನ್ನ ಮುಷ್ಟಿಗಾತ್ರದ ಗಡ್ಡೆ ಮೂರೆಲೆ ಬಿಟ್ಟಾಗ ನನಗೂ ಯಾರನ್ನಾದ್ರೂ ಕರೆದು ತೋರಿಸ್ಬೇಕು ಅನ್ನಿಸಿತ್ತು.

ಇನ್ನು ವೊಲೆಮಿ ಪೈನ್. ಬಾಕ್ಸ್ ತಗೊಂಡಿದ್ದೇ ಇದಕ್ಕೋಸ್ಕರ. 1994ರ ತನಕ ಇದು ಬದುಕಿದೆ ಅಂತಾನೇ ಜಗತ್ತಿಗೆ ಗೊತ್ತಿರಲಿಲ್ಲ. ಆ ವರ್ಷ ಡೇವಿಡ್ ನೋಬಲ್ ಅನ್ನೋ ಪಾರ್ಕ್ ಸಿಬ್ಬಂದಿ ಆಸ್ಟ್ರೇಲಿಯಾದ ವೊಲೆಮಿ ನ್ಯಾಷನಲ್ ಪಾರ್ಕಿನ ಒಂದು ಆಳ ಕಮರಿಗೆ ಹಗ್ಗ ಹಿಡಿದು ಇಳಿದಾಗ ಗುಳ್ಳೆಗುಳ್ಳೆ ತೊಗಟೆಯ ವಿಚಿತ್ರ ಮರಗಳನ್ನ ಕಂಡು ಒಂದು ಚಿಕ್ಕ ಕೊಂಬೆ ತಂದ್ರು. ಅದನ್ನೇ ಹೋಲೋ ಗಿಡದ ಪರಾಗ 9 ಕೋಟಿ ವರ್ಷ ಹಿಂದಿನ ಪದರಗಳಲ್ಲಿ ಸಿಕ್ಕಿತ್ತು. ಕಾಡಲ್ಲಿರೋ ದೊಡ್ಡ ಮರಗಳು 100ಕ್ಕಿಂತ ಕಡಿಮೆ. ಜಾಗ ಎಲ್ಲಿ ಅಂತ ಇವತ್ತಿಗೂ ಗುಟ್ಟಾಗಿ ಇಟ್ಟಿದ್ದಾರೆ, ಯಾಕಂದ್ರೆ ಕದ್ದು ನೋಡೋಕೆ ಹೋದವರ ಬೂಟಿಗಂಟಿದ ಮಣ್ಣಿಂದಾನೇ ಫೈಟಾಫ್ತೊರಾ ಅನ್ನೋ ಬೇರು ಕೊಳೆ ರೋಗ ಅಲ್ಲಿಗೆ ಬಂದಿರ್ಬೇಕು ಅಂತ ಅನುಮಾನ. 2019-20ರ ಕಾಡ್ಗಿಚ್ಚಲ್ಲಿ ಸುತ್ತಲಿನ ಕಾಡೆಲ್ಲ ಉರಿದಾಗ ಹೆಲಿಕಾಪ್ಟರಲ್ಲಿ ಜನ ಇಳಿದು ಕಮರಿ ಒಳಗೆ ಪೈಪ್ ಹಾಕಿ ನೀರು ಹರಿಸಿ ಆ ತೋಪನ್ನ ಉಳಿಸಿದ್ರು. 2006ರಿಂದ ಇದನ್ನ ತೋಟದವರಿಗೆ ಮಾರ್ತಿರೋದು ಕೂಡ ಉಳಿಸೋ ಉಪಾಯಾನೇ, ಎಲ್ಲರ ಕೈಗೂ ಸುಲಭವಾಗಿ ಸಿಕ್ರೆ ಕಾಡಿಗೆ ಹೋಗಿ ಕೀಳೋರು ಕಡಿಮೆ ಆಗ್ತಾರೆ ಅಂತ.

ಇಷ್ಟೆಲ್ಲ ಇತಿಹಾಸ ಇರೋ ಗಿಡ ನನಗೆ ಬಂದಿದ್ದು ಹೇಗೆ ಅಂದ್ರೆ ಗೇಣುದ್ದದ ಸಸಿ, ಸೊಂಪಾಗೇ ಇತ್ತು, ಆದ್ರೆ ಕುಂಡದ ಮಣ್ಣು ಹಿಂಡಿದ್ರೆ ನೀರು ತೊಟ್ಟಿಕ್ಕೋ ಅಷ್ಟು ಒದ್ದೆ. ಅಂಟು ಮಣ್ಣು ಜಾಸ್ತಿ, ಕೆಳಗೆ ತೂತು ಒಂದೇ. ಪ್ರಯಾಣದ ಆಯಾಸ ಕಳೀಲಿ ಆಮೇಲೆ ಮಣ್ಣು ಬದಲಿಸೋಣ ಅಂತ ಎರಡು ವಾರ ಬಿಟ್ಟೆ. ಮೂರನೇ ವಾರ ತುದಿ ಬಾಗ್ತು, ನೀರು ಕಡಿಮೆ ಆದಾಗ ಬಾಗೋ ಥರ ಅಲ್ಲ, ಮಣ್ಣು ಒದ್ದೆ ಇದ್ರೂ ಬಾಡಿದ ಹಾಗೆ. ಕುಂಡದಿಂದ ಎತ್ತಿ ನೋಡ್ದೆ, ಬೇರು ಕಂದು ಬಣ್ಣಕ್ಕೆ ತಿರುಗಿ ಎಳೆದ್ರೆ ಮೇಲಿನ ಸಿಪ್ಪೆ ಕೈಗೆ ಬಂದು ಒಳಗಿನ ದಾರ ಮಾತ್ರ ಉಳೀತಿತ್ತು. ಕೊಳೆತಿದ್ದನ್ನೆಲ್ಲ ಕತ್ತರಿಸಿ ಒಣ ಪರ್ಲೈಟ್ ಮಿಕ್ಸಲ್ಲಿ ನೆಟ್ಟೆ, ಉಳೀಲಿಲ್ಲ. ಎರಡೂವರೆ ತಿಂಗಳಲ್ಲಿ ಪೂರ್ತಿ ಕಂದಾಯ್ತು. ಆ ದಿನ ನನಗೆ ತುಂಬಾ ಬೇಜಾರಾಗಿತ್ತು, ಒಂದು ಸಸಿ ಸತ್ತಿದ್ದಕ್ಕೆ ಅಷ್ಟೊಂದು ಯಾಕೆ ಅಂತ ಮನೆಯೋರು ಕೇಳಿದ್ರು, ಹೇಳೋಕೆ ಮಾತೇ ಹೊರಡಲಿಲ್ಲ.

ಫೋಟೋ ಕಳಿಸಿದ್ಮೇಲೆ ವಾದ ಮಾಡದೇ ಇನ್ನೊಂದು ಗಿಡ ಕಳಿಸಿದ್ರು, ಇದನ್ನ ಒಪ್ಕೋಬೇಕು. ಎರಡನೇದು ಬಂದಿದ್ದು ಸರಿಯಾದ ಸಡಿಲ ಮಣ್ಣಲ್ಲಿ, ಮೇಲೆ ತೆಳ್ಳಗೆ ಪಾಚಿ ಹಬ್ಬಿದ್ದ ಹಳೇ ಕುಂಡದಲ್ಲಿ, ಬೇರು ಬೆಳ್ಳಗೆ ಗಟ್ಟಿಯಾಗಿತ್ತು. ಅದು ಈಗ ಮೊಣಕಾಲೆತ್ತರ ದಾಟಿದೆ. ಚಳಿ ಬಂದಾಗ ಒಂದೊಂದು ತುದಿಯ ಮೊಗ್ಗಿನ ಮೇಲೂ ಬಿಳಿ ಮೇಣದ ಟೋಪಿ ಹಾಕ್ಕೊಳ್ತು, ಮೊದಲ ಸಲ ನೋಡೋರು ಹುಳ ಬಿದ್ದಿದೆ ಅಂತ ಕೆರೆದು ತೆಗೆದುಬಿಡ್ತಾರೆ, ದಯವಿಟ್ಟು ಹಾಗೆ ಮಾಡ್ಬೇಡಿ, ಚಳಿಯಿಂದ ಮೊಗ್ಗು ಕಾಪಾಡೋ ಟೋಪಿ ಅದು, ಬೆಚ್ಚಗಾದಾಗ ತಾನೇ ಒಡೆದು ಅದರ ಒಳಗಿಂದ ತಿಳಿ ಹಸಿರು ಚಿಗುರು ಬರುತ್ತೆ. ನೀರು ನಿಲ್ಲದ ಆಮ್ಲೀಯ ಮಣ್ಣು, ಮಧ್ಯಾಹ್ನದ ಉರಿ ಬಿಸಿಲಿಲ್ಲದ ಜಾಗ, ಇಷ್ಟು ಕೊಟ್ರೆ ಇದಕ್ಕೆ ಬೇರೆ ಉಪಚಾರ ಬೇಡ.

ಆದ್ರೆ ಎರಡು ಸಲವೂ ಈ ಗಿಡದ ಮೂಲದ ಬಗ್ಗೆ ಒಂದು ಚೀಟೀನೂ ಇರಲಿಲ್ಲ. ಯಾವ ಬೆಳೆಗಾರರಿಂದ ಬಂತು, ಬೀಜದ್ದೋ ಕಟಿಂಗ್‌ದೋ, ಕೇಳಿದ್ರೆ ನಮ್ಮ ಸಪ್ಲೈಯರ್ ಕೊಟ್ಟಿದ್ದು ಅಂತಷ್ಟೇ ಉತ್ತರ.

ಈ ಉತ್ತರದಿಂದಾನೇ ನನಗೆ ಅನುಮಾನ ಶುರು ಆಗಿ ಅವರ ಪಟ್ಟಿಯಲ್ಲಿ ಬೇರೆ ಏನೇನಿದೆ ಅಂತ ಕೂತು ನೋಡ್ದೆ. ಆಫ್ರಿಕಾದ ಎನ್ಸೆಫಲಾರ್ಟಸ್ ಸೈಕಾಡ್‌ಗಳು, ಕಾಂಡವೇ ಅಡಿ ದಪ್ಪ ಇರೋವು, ಎರಡು ಮೂರು ಇದ್ವು. ಅಷ್ಟು ದಪ್ಪ ಆಗೋಕೆ ದಶಕಗಳು ಬೇಕು, ಮೇಲಾಗಿ ಎನ್ಸೆಫಲಾರ್ಟಸ್ ಕುಲ ಪೂರ್ತಿ ಸೈಟಿಸ್ ಅನ್ನೋ, ಅಳಿವಿನಂಚಿನ ಜೀವಿಗಳ ವ್ಯಾಪಾರಕ್ಕೆ ಕಡಿವಾಣ ಹಾಕೋ ಅಂತರರಾಷ್ಟ್ರೀಯ ಒಪ್ಪಂದದ ಒಂದನೇ ಪಟ್ಟಿಯಲ್ಲಿದೆ, ಕಾಡಿಂದ ತೆಗೆದಿದ್ದನ್ನ ದೇಶ ದಾಟಿಸಿ ವ್ಯಾಪಾರ ಮಾಡೋ ಹಾಗೇ ಇಲ್ಲ, ನರ್ಸರಿಯಲ್ಲಿ ಬೆಳೆಸಿದ್ದಾದ್ರೂ ಪರ್ಮಿಟ್ ಬೇಕು. ನಾನು ಕೊಳ್ಳೋಕೆ ಅಂತ ಅಲ್ಲ, ಸುಮ್ಮನೆ ಕೇಳ್ದೆ, ಇದರ ಪೇಪರ್ ಇದ್ಯಾ ಅಂತ. ಮೊದಲು ಇದೆ ಅಂದ್ರು, ಕಳಿಸಿ ಅಂದಾಗ ಸುಮ್ಮನಾದ್ರು, ಒಂದು ವಾರದಲ್ಲಿ ಆ ಗಿಡಗಳು ಪಟ್ಟಿಯಿಂದ ಮಾಯ ಆದ್ವು.

ಇದು ನನಗೆ ಯಾಕೆ ಇಷ್ಟು ದೊಡ್ಡ ವಿಷಯ ಅಂದ್ರೆ ಎನ್ಸೆಫಲಾರ್ಟಸ್ ವುಡಿ ಅನ್ನೋ ಸೈಕಾಡಿನ ಕಥೆ ಗೊತ್ತಿರೋದ್ರಿಂದ. 1895ರಲ್ಲಿ ಸಸ್ಯವಿಜ್ಞಾನಿ ಜಾನ್ ಮೆಡ್ಲಿ ವುಡ್ ದಕ್ಷಿಣ ಆಫ್ರಿಕಾದ ನ್ಗೋಯೆ ಕಾಡಿನಲ್ಲಿ ಒಂದೇ ಒಂದು ಗುಂಪು ಕಾಂಡಗಳಿದ್ದ ಗಂಡು ಗಿಡ ಕಂಡ್ರು. ಆಮೇಲೆ ಎಷ್ಟು ಹುಡುಕಿದ್ರೂ ಹೆಣ್ಣು ಗಿಡ ಯಾರಿಗೂ ಸಿಕ್ಕಿಲ್ಲ. ಇವತ್ತು ಜಗತ್ತಿನ ತೋಟಗಳಲ್ಲಿ ಇರೋ ಎಲ್ಲ ವುಡಿ ಗಿಡಗಳೂ ಆ ಒಂದೇ ಗಿಡದ ಮರಿಗಳು, ಎಲ್ಲವೂ ಗಂಡು, ಕಾಡಲ್ಲಿ ಒಂದೂ ಇಲ್ಲ. 1899ರಲ್ಲಿ ಕ್ಯೂಗೆ ಬಂದ ಗಿಡ ಅಲ್ಲಿ ಮೊದಲ ಕೋನ್ ಬಿಟ್ಟಿದ್ದು 2004ರಲ್ಲಿ, ಅಷ್ಟು ವರ್ಷ ಕಾದು ಪರಾಗ ಸಿದ್ಧ ಮಾಡಿದ್ರೂ ಅದನ್ನ ಕೊಡೋಕೆ ತನ್ನ ಜಾತಿಯ ಇನ್ನೊಂದು ಗಿಡ ಇಲ್ಲ. ಪೇಪರ್ ಇಲ್ಲದ ದಪ್ಪ ಕಾಂಡ ಒಂದನ್ನ ಯಾರೋ ಟೆರೇಸಲ್ಲಿ ಇಟ್ಕೊಂಡ್ರೆ ಕಾಡಲ್ಲಿ ಇನ್ನೊಂದು ಜಾತಿ ಅದೇ ದಾರಿ ಹಿಡಿಬಹುದು. ನನ್ನಂಥ ಹವ್ಯಾಸದೋರು ಇದನ್ನ ಕೇಳದೇ ಹೋದ್ರೆ ಮಾರೋರಿಗೆ ಕೇಳೋರು ಯಾರು? ಬೀಜದಿಂದ ಬೆಳೆಸಿದ ಚಿಕ್ಕ ಗಿಡ ತಗೊಳ್ಳಿ, ನಿಮ್ಮ ಕಣ್ಣೆದುರಿಗೇ ಬೆಳೀಲಿ.

ಉಳಿದಿದ್ದು ವೆಲ್ವಿಚಿಯಾ. ಇದು ನಮೀಬ್ ಮರುಭೂಮಿಯ ಗಿಡ, 1859ರಲ್ಲಿ ಅಂಗೋಲಾದಲ್ಲಿ ಇದನ್ನ ಕಂಡ ಫ್ರೀಡ್ರಿಖ್ ವೆಲ್ವಿಚ್ ಮುಟ್ಟಿದ್ರೆ ಕನಸಾಗಿ ಹೋಗುತ್ತೇನೋ ಅನ್ನೋ ಭಯಕ್ಕೆ ಬಿಸಿ ನೆಲದ ಮೇಲೆ ಮಂಡಿಯೂರಿ ಸುಮ್ಮನೆ ನೋಡ್ತಾ ಕೂತಿದ್ರಂತೆ. ಹುಟ್ಟಿದಾಗ ಬರೋ ಎರಡು ಬೀಜದೆಲೆ ಬಿಟ್ರೆ ಜೀವಮಾನಕ್ಕೆಲ್ಲ ಎರಡೇ ಎಲೆ, ಅವು ಬುಡದಿಂದ ಬೆಳೀತಾನೇ ಇರುತ್ತೆ, ತುದಿ ಒಣಗಿ ಹರೀತಾ ಇರುತ್ತೆ, ಹೀಗೇ ಸಾವಿರ ವರ್ಷ ದಾಟಿದ ಗಿಡಗಳೂ ಇವೆ. ಐದು ಬೀಜದ ಕಾಗದದಂಥ ರೆಕ್ಕೆ ತೆಗೆದು ಉದ್ದನೆ ಪೈಪಿನಲ್ಲಿ ಮರಳು ತುಂಬಿ ಬಿತ್ತಿದೆ, ಬೇರು ನೇರ ಕೆಳಗೆ ಹೋಗುತ್ತೆ, ಒಂದ್ಸಲ ಮುರಿದ್ರೆ ಕಷ್ಟ, ಅದಕ್ಕೇ ಮೊದಲೇ ಆಳದ ಕುಂಡ ಬೇಕು. ಎರಡು ಬೀಜ ನಾಲ್ಕೇ ದಿನದಲ್ಲಿ ಕಪ್ಪು ಬೂಷ್ಟು ಹಿಡಿದು ಹೋದ್ವು, ಈ ಗಿಡದ ಬೀಜಕ್ಕೆ ಅದು ಹುಟ್ಟಿದ ಮರುಭೂಮಿಯಲ್ಲೇ ಆ ಬೂಷ್ಟಿನ ಕಾಟ ಇದೆ, ಇದಕ್ಕೆ ಮಾರಿದೋರನ್ನ ದೂರಲ್ಲ. ಒಂದು ಮೊಳೀಲೇ ಇಲ್ಲ. ಎರಡು ಮೊಳೆತ್ವು, ಒಂದು ಉಳೀತು. ಅದರ ಬೀಜದೆಲೆಗಳ ನಡುವೆ, ಅವಕ್ಕೆ ಅಡ್ಡವಾಗಿ ಆ ಎರಡು ಎಲೆ ಬಂದಿದೆ, ಈಗ ಬೆರಳುದ್ದ. ನಾನು ಹೋದ ಮೇಲೂ ಇದೇ ಎರಡೆಲೆ ಬೆಳೀತಾ ಇರ್ಬಹುದು ಅನ್ನೋದನ್ನ ನೆನೆದ್ರೆ ನೀರು ಹಾಕೋ ಕೈ ತಾನಾಗೇ ನಿಧಾನ ಆಗುತ್ತೆ. ಮರುಭೂಮಿ ಗಿಡ ಅಂತ ಪೂರ್ತಿ ಒಣಗಿಸ್ಬೇಡಿ, ಎಳೇದಿರೋವಾಗ ಮರಳಿನ ಒಳಗೆ ಸ್ವಲ್ಪ ತೇವ ಇರ್ಲೇಬೇಕು.

ಮಾರ್ಕ್ಸ್ ಹೇಳ್ಬೇಕು ಅಂದ್ರೆ ಗಿಡಕ್ಕೆ ಐದಕ್ಕೆ ಐದು, ಪ್ಯಾಕಿಂಗಿಗೆ ನಾಲ್ಕು, ಬದಲಿ ಗಿಡ ಕೊಟ್ಟಿದ್ದಕ್ಕೆ ಐದು, ಹೇಳಿದ ಮಾತಿನ ಸತ್ಯಕ್ಕೆ ಒಂದು. ಅವರ ಹತ್ರ ಮತ್ತೆ ತಗೊಳ್ತೀನಾ ಅಂದ್ರೆ ಇಲ್ಲ. ಮೂಲ ಬರೆದು ಕೊಡೋ ಬೆಳೆಗಾರರು ಸಿಕ್ರೆ ಇದೇ ನಾಲ್ಕು ಗಿಡಾನ ಯಾರು ಬೇಕಾದ್ರೂ ಕಣ್ಣು ಮುಚ್ಚಿ ತಗೋಬಹುದು, ಚಳಿ ಬೇಕಾದ್ದು ಯಾವುದು, ವಿಷ ಇರೋದು ಯಾವುದು ಅನ್ನೋದು ಮೊದಲೇ ತಿಳ್ಕೊಂಡಿದ್ರೆ ಸಾಕು.

ಇನ್ನೊಂದು ವಿಷಯ, ಇದು ಪಟ್ಟಿಯಲ್ಲಿ ಇರದೇ ಬಂದಿದ್ದು. ಎರಡನೇ ವೊಲೆಮಿಯ ಕುಂಡದ ಅಂಚಲ್ಲಿ ಏಳನೇ ತಿಂಗಳು ಹಸಿರು ತಂತಿ ಥರ ಏನೋ ಎದ್ದಿತ್ತು. ಎಲೆ ಇಲ್ಲ, ಬರಿ ಕಡ್ಡಿ, ಎರಡಾಗಿ ಕವಲೊಡೆದು ಮತ್ತೆ ಎರಡಾಗಿ, ಮೇಲೆ ಅಲ್ಲಲ್ಲಿ ಮೂರು ಹೋಳಿನ ಹಳದಿ ಗುಂಡು. ಅದು ಸೈಲೋಟಮ್ ನ್ಯೂಡಮ್ ಅನ್ನೋ ಗಿಡ. ಇದಕ್ಕೆ ನಿಜವಾದ ಬೇರೇ ಇಲ್ಲ, ಮಣ್ಣೊಳಗೆ ಹರಡೋ ಕಾಂಡ ಇದೆ, ಬೇರಿನ ಕೆಲಸಕ್ಕೆ ಶಿಲೀಂಧ್ರದ ಜೊತೆ ಹೊಂದ್ಕೊಂಡಿರುತ್ತೆ. ಸ್ಕಾಟ್ಲೆಂಡಿನ ರೈನಿ ಅನ್ನೋ ಹಳ್ಳಿ ಹತ್ರ ಕಲ್ಲಲ್ಲಿ ಸಿಕ್ಕಿರೋ 40 ಕೋಟಿ ವರ್ಷ ಹಿಂದಿನ ಗಿಡಗಳು ನೋಡೋಕೆ ಹೆಚ್ಚುಕಮ್ಮಿ ಹೀಗೇ ಇದ್ವು, ಅದಕ್ಕೇ ಇದು ಅವುಗಳ ನೇರ ವಂಶ ಅಂತ ತುಂಬಾ ಕಾಲ ನಂಬಿದ್ರು, ಡಿಎನ್ಎ ನೋಡಿದ ಮೇಲೆ ಜರೀಗಿಡಗಳ ಕಡೆಯದು ಅಂತ ಗೊತ್ತಾಯ್ತು. ಫೋಟೋ ಕಳಿಸಿ ಕೇಳಿದ್ದಕ್ಕೆ ಮಾರಿದೋರು ಅದು ಕಳೆ, ಕಿತ್ತು ಬಿಸಾಕಿ ಅಂದ್ರು. ವೊಲೆಮಿ ಬೇರಿಗೆ ತಾಗದ ಹಾಗೆ ಚಮಚದಲ್ಲಿ ಮಣ್ಣು ಸಮೇತ ಎತ್ತಿ ಬೇರೆ ಕುಂಡಕ್ಕೆ ಹಾಕಿದ್ದೀನಿ, ಈಗ ಹನ್ನೊಂದು ಕಡ್ಡಿ ಇದೆ.